ಆರ್ಥರ್ ಕೂಡುವ ಕುರ್ಚಿ

ರಾಯಚೂರು

ಸರ್ಕಾರ ನನ್ನನ್ನು ಇಂಗ್ಲೆಂಡಿಗೆ ಕಳಿಸಿದ್ದು ವಿದ್ಯುತ್ ಮೋಟಾರುಗಳ ಪಾಠ ಹೇಳುವ ಹೊಸ ವಿಧಾನ ಕಲಿತು ಬರಲಿ ಎಂದು. ಕಲಿತು ಬಂದೆ. ರಾಯಚೂರಿನ ನಮ್ಮ ತಾಂತ್ರಿಕ ಶಾಲೆಯ ಹುಡುಗರಿಗೆ ಹೇಳಿಯೂ ಹೇಳಿದೆ. ಆದರೆ ಅಲ್ಲಿ ಏನು ನೋಡಿದಿರಿ ಎಂದು ಯಾರಾದರೂ ಕೇಳಿದರೆ ನನ್ನ ಕಣ್ಣ ಮುಂದೆ ಬರುವುದು ಕಾಲೇಜೂ ಅಲ್ಲ, ಲಂಡನ್ನೂ ಅಲ್ಲ. ಗಾಳಿಗೆ ಪಟಪಟನೆ ಹೊಡೆದುಕೊಳ್ಳುವ ಒಂದು ಡೇರೆ, ಅದರೊಳಗೆ ಒಂದು ಮಡಚುವ ಕುರ್ಚಿ, ಕುರ್ಚಿಯಲ್ಲಿ ಕೂತ ಒಬ್ಬ ಮುದುಕ. ಲಂಡನ್ನಿನ ವರ್ಣನೆ ಬೇಕಾದವರಿಗೆ ಬೇರೆ ಪುಸ್ತಕಗಳು ಬೇಕಾದಷ್ಟಿವೆ.

ನನಗೆ ಮೊದಲಿನಿಂದ ರೇಡಿಯೊ ಹುಚ್ಚು. ಹಾಡು ಕೇಳುವ ರೇಡಿಯೊ ಅಲ್ಲ, ಮಾತಾಡುವ ರೇಡಿಯೊ. ಪರೀಕ್ಷೆ ಕಟ್ಟಿ, ಲೈಸೆನ್ಸ್ ತರಿಸಿಕೊಂಡು, ಕೈಯಾರೆ ಪೆಟ್ಟಿಗೆ ಜೋಡಿಸಿ, ಮಾಳಿಗೆಯ ಮೇಲೆ ತಂತಿ ಎಳೆದು, ಎಲ್ಲಿಯೋ ಕೂತ ಇನ್ನೊಬ್ಬ ಹುಚ್ಚನ ಜೊತೆ ಮಾತಾಡುವ ಹವ್ಯಾಸ ಇದು. ಎಪ್ಪತ್ತರ ದಶಕದ ಕೊನೆಗೆ ರಾಯಚೂರಿನಲ್ಲಿ ಈ ಹುಚ್ಚಿನವರು ನನಗೆ ಗೊತ್ತಿದ್ದಂತೆ ಇಬ್ಬರೇ. ಒಬ್ಬ ನಾನು, ಇನ್ನೊಬ್ಬ ತೀನ್ ಕಂದೀಲ್ ಹತ್ತಿರ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಖಾಜಾ. ನಾನು ಮಾನ್ವಿಯ ಕೂಲಿಯವರ ಮನೆಯ ಮಗ, ಓದಿ ಮಾಸ್ತರನಾದವನು. ಖಾಜಾ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ನಮ್ಮಿಬ್ಬರನ್ನೂ ಕೂಡಿಸಿದ್ದು ಸುಟ್ಟ ವಾಲ್ವುಗಳ ವಾಸನೆ.

ಈ ಹವ್ಯಾಸದೊಳಗೆ ಒಂದು ಒಳಹುಚ್ಚು ಉಂಟು. ಬಹಳ ಗಿಡ್ಡ ಅಲೆಗಳ ಮೇಲೆ ಮಾತಾಡುವುದು. ಈ ಅಲೆಗಳು ನೆಟ್ಟಗೆ ಹೋಗುತ್ತವೆ, ಗುಡ್ಡ ಅಡ್ಡ ಬಂದರೆ ಅಲ್ಲಿಗೇ ನಿಂತವು. ಹಾಗಾಗಿ ಮಾತಾಡುವವನು ತಾನೇ ಗುಡ್ಡ ಹತ್ತಬೇಕು. ಒಂದು ಸಲ ಖಾಜಾ ರಾಯಚೂರಿನ ಕೋಟೆ ಗುಡ್ಡ ಹತ್ತಿದ, ನಾನು ದೇವದುರ್ಗದ ಗುಡ್ಡ ಹತ್ತಿದೆ. ಟವೆಲ್ ಸಿಂಬೆ ಮಾಡಿ, ಲಾರಿಯ ಬ್ಯಾಟರಿಯನ್ನು ತಲೆಯ ಮೇಲೆ ಹೊತ್ತು ತಂದವನು ನನ್ನ ಸೋದರಮಾವ ಹನುಮಂತ. ದೇವದುರ್ಗದ ದನದ ಸಂತೆಯಲ್ಲಿ ಎತ್ತುಗಳ ದಲ್ಲಾಳಿ ಅವನು. ನಾವು ಕಂಬ ನಿಲ್ಲಿಸುವುದರೊಳಗೆ ಅರ್ಧ ಊರು ಮೇಲೆ ಬಂದಿತ್ತು. ಒಬ್ಬ ಪೊಲೀಸಪ್ಪನೂ ಬಂದ. ಅನುಮತಿ ಕಾಗದ ತೋರಿಸಿದೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಧಾರವಾಡ ಸ್ಟೇಷನ್ ಹಚ್ಚುವಂತೆ ಹೇಳಿ ನೆರಳಿಗೆ ಕೂತ. ಹಾಡು ಬರುವ ಪೆಟ್ಟಿಗೆ ಅಲ್ಲ ಎಂದು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಕೊನೆಗೆ ಗರಗರ ಸದ್ದಿನ ನಡುವೆ ಖಾಜಾನ ದನಿ ಬಂದಾಗ ಗುಡ್ಡವೇ ಸುಮ್ಮನಾಯಿತು.

“ಖಾಜಾ ಅಲ್ಲೇನು ಇಂವ? ರಾಯಚೂರಾಗ ಅದಾನಂದಿ, ಇಲ್ಲಿ ಕಿವ್ಯಾಗ ಬಂದು ಕುಂತಾನಲ್ಲ” ಎಂದ ಮಾಮ.

ಇಂಗ್ಲೆಂಡಿಗೆ ಹೊರಟ ದಿನ ಖಾಜಾ ಸ್ಟೇಷನ್ನಿಗೆ ಬಂದಿದ್ದ. ಟ್ರಾನ್ಸಿಸ್ಟರು, ತಂತಿ ಏನಾದರೂ ತರಲೇ ಎಂದು ಕೇಳಿದೆ. ಬೇಡ ಎಂದ.

“ಸಾಮಾನು ಕಸ್ಟಮ್ಸಿನವ್ರು ಹಿಡೀತಾರ. ಅವ್ರು ಗುಡ್ಡದ ಮ್ಯಾಗ ಹೆಂಗ ಮಾಡ್ತಾರ ನೋಡ್ಕೊಂಡು ಬಾ ಭಾಯ್. ತರೀಕಾ ತಗೊಂಡು ಬಾ.”

ಗಿರಣಿ ಊರು

ಊರಿನ ಹೆಸರು ಬರೆಯುವುದಿಲ್ಲ. ತಮ್ಮ ಬಗ್ಗೆ ಯಾರೋ ಬರೆದಿದ್ದಾರೆ ಎಂದರೆ ಮುಜುಗರ ಪಡುವ ಜನ ಅವರು. ಲ್ಯಾಂಕಾಶೈರ್ ಸೀಮೆಯ ಹತ್ತಿಗಿರಣಿಯ ಊರು ಎಂದರೆ ಸಾಕು. ನಮ್ಮ ಕಡೆಯ ಹತ್ತಿ ಒಂದು ಕಾಲಕ್ಕೆ ಇಂಥ ಊರುಗಳಿಗೇ ಬರುತ್ತಿತ್ತು ಎಂದು ಶಾಲೆಯ ಪುಸ್ತಕದಲ್ಲಿ ಓದಿದ್ದೆ. ನಾನು ಹೋದಾಗ ಚಿಮಣಿಗಳಿದ್ದವು, ಹೊಗೆ ಇರಲಿಲ್ಲ. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದವು. ಬೀದಿಯುದ್ದಕ್ಕೂ ಒಂದಕ್ಕೊಂದು ಅಂಟಿದ ಕಲ್ಲಿನ ಮನೆಗಳು, ಎಲ್ಲದರ ಮುಂದೆಯೂ ಉಜ್ಜಿ ತೊಳೆದ ಹೊಸ್ತಿಲು. ಹೊಸ್ತಿಲು ತೊಳೆಯುವುದನ್ನು ನೋಡಿ ನನಗೆ ಅರ್ಧ ಧೈರ್ಯ ಬಂತು. ರಂಗೋಲಿ ಒಂದು ಕಮ್ಮಿ.

ಆದರೆ ಮೊದಲ ವಾರ ನನಗೆ ಬಹಳ ಸಿಟ್ಟು ಬಂದಿತ್ತು. ಬ್ರೆಡ್ಡಿನ ಅಂಗಡಿಯವಳು, ಬಸ್ಸಿಗೆ ನಿಂತ ಮುದುಕಿಯರು, ನಾನಿದ್ದ ಮನೆಯೊಡತಿ ನೆಲ್ಲಿ, ಎಲ್ಲರೂ ನನ್ನ ಮುಖಕ್ಕೆ ಮುಖ ಕೊಟ್ಟು, ತುಟಿ ಅಗಲಿಸಿ, ಒಂದೊಂದು ಮಾತನ್ನೂ ಬಾಯಿಯಲ್ಲಿ ಬಿಡಿಸಿ ತೋರಿಸುತ್ತಿದ್ದರು. ಕರಿಯ ಮನುಷ್ಯ, ಇವನಿಗೆ ಇಂಗ್ಲಿಷ್ ಎಲ್ಲಿ ತಿಳಿಯಬೇಕು ಎಂದು ಮಗುವಿಗೆ ಹೇಳಿದಂತೆ ಹೇಳುತ್ತಿದ್ದಾರೆ ಎಂದುಕೊಂಡೆ. ಒಂದು ದಿನ ತಡೆಯಲಾರದೆ ನೆಲ್ಲಿಗೆ ಹೇಳಿಯೇಬಿಟ್ಟೆ, ನನಗೆ ಇಂಗ್ಲಿಷ್ ಬರುತ್ತದೆ ಎಂದು. ಆಕೆ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಆ ಸೀಮೆಯವರ ಇಂಗ್ಲಿಷ್ ಪುಸ್ತಕದ ಇಂಗ್ಲಿಷ್ ಅಲ್ಲ, ಲಂಡನ್ನಿನವರು ಕೇಳಿದರೆ ಮೂಗು ಮುರಿಯುವ ಮಾತು. ಅದನ್ನು ಪೇಟೆಯ ಕನ್ನಡದಲ್ಲಿ ಬರೆದರೆ ಅವರ ದನಿಯೇ ಸತ್ತುಹೋಗುತ್ತದೆ. ಹಾಗಾಗಿ ನಮ್ಮ ಮಾನ್ವಿಯ ಮಾತಿನಲ್ಲೇ ಬರೆಯುತ್ತೇನೆ. ಅಲ್ಲಿ ಹಿರಿಯರನ್ನೂ ಹೆಸರು ಹಿಡಿದೇ ಕರೆಯುತ್ತಾರೆ, ಅದು ನನ್ನ ಕೈಯಿಂದ ಬರೆಯಲಾಗದು. ‘ರೀ’ ನಾನು ಸೇರಿಸಿದ್ದು.

“ನಿನ್ನ ಸಲುವಾಗಿ ಅಲ್ಲೋ ತಮ್ಮಾ, ನಾವು ಮಾತಾಡೋದ ಹಿಂಗ” ಎಂದಳು ನೆಲ್ಲಿ. “ಮಗ್ಗದ ಸಪ್ಪಳದಾಗ ಯಾರ ಮಾತು ಯಾರಿಗೂ ಕೇಳ್ತಿದ್ದಿಲ್ಲ. ತುಟಿ ನೋಡಿ ತಿಳ್ಕೊಂತಿದ್ದೆವಿ. ಆಮ್ಯಾಲ ಕಿವೀನ ಹೋದವು.”

ನೆಲ್ಲಿ ಹದಿಹರೆಯದಿಂದ ಗಿರಣಿಯಲ್ಲಿ ನೇಯ್ದವಳು. ಎದುರು ಮನೆಯ ಕಿಟಕಿಯಲ್ಲಿ ನಿಂತ ಗೆಳತಿಯ ಜೊತೆ ಈ ಕಿಟಕಿಯಲ್ಲಿ ನಿಂತು, ಗಾಜು ತೆರೆಯದೆ, ಸದ್ದಿಲ್ಲದೆ ಮಾತಾಡುತ್ತಿದ್ದಳು. ನಾನು ಬೀದಿಯಲ್ಲಿ ಹೋಗುವಾಗ ಅವರಿಬ್ಬರ ಮಾತು ನನ್ನ ತಲೆಯ ಮೇಲೆ ಹಾದುಹೋಗುತ್ತಿತ್ತು. ನನ್ನ ಬಗ್ಗೆಯೂ ಆಡಿಕೊಂಡಿರಬಹುದು.

ಅವಳ ಗಂಡ ಆರ್ಥರ್. ಮಗ್ಗ ಕೆಟ್ಟರೆ ಸರಿಮಾಡುವ ಕೆಲಸ ಮಾಡಿ, ಗಿರಣಿ ಮುಚ್ಚಿದ ಮೇಲೆ ಮನೆಯಲ್ಲಿದ್ದರು. ಹಿತ್ತಿಲ ಕೋಣೆಯಲ್ಲಿ ಅವರ ರೇಡಿಯೊ ಇತ್ತು. ಸರ್ಕಾರ ನನಗೆ ಗೊತ್ತುಮಾಡಿದ ಮನೆಯಲ್ಲಿ ಇನ್ನೊಬ್ಬ ಹುಚ್ಚ ಸಿಗಬೇಕೆಂದರೆ ನನ್ನ ಅದೃಷ್ಟವೇ ಸರಿ. ಊರಿನ ರೇಡಿಯೊ ಕ್ಲಬ್ಬಿನಲ್ಲಿ ಆರ್ಥರ್ ಅವರ ಕಿವಿ ಎಂದರೆ ದೊಡ್ಡ ಹೆಸರು. ಗರಗರ ಸದ್ದಿನ ತಳದಲ್ಲಿ ಎಲ್ಲೋ ಅಡಗಿದ ದನಿಯನ್ನು ಹೆಕ್ಕಿ ತೆಗೆಯುತ್ತಿದ್ದರಂತೆ. ಬೇಸಿಗೆಯಲ್ಲಿ ಒಂದು ಶನಿವಾರ ಮಧ್ಯಾಹ್ನದಿಂದ ಭಾನುವಾರ ಮಧ್ಯಾಹ್ನದವರೆಗೆ ಆ ದೇಶದ ಕ್ಲಬ್ಬುಗಳೆಲ್ಲ ತಂತಮ್ಮ ಗುಡ್ಡ ಹತ್ತಿ ಸ್ಪರ್ಧೆ ನಡೆಸುತ್ತವೆ. ಶನಿವಾರದ ಮೊದಲ ಸರದಿ, ಭಾನುವಾರದ ಕೊನೆಯ ಗಂಟೆ, ಎರಡೂ ಆರ್ಥರ್ ಅವರವು. ಮೈಕಿನ ಮುಂದಿನ ಮಡಚುವ ಕುರ್ಚಿಯೂ ಅವರು ಮನೆಯಿಂದ ಒಯ್ಯುತ್ತಿದ್ದದ್ದು.

ಆ ವರ್ಷ ಕ್ಲಬ್ಬಿಗೆ ಕೀತ್ ಎಂಬ ಟೆಲಿಫೋನ್ ಇಲಾಖೆಯ ಯುವಕ ಮುಖ್ಯಸ್ಥನಾಗಿದ್ದ. ಪಕ್ಕದ ಊರಿನ ಕ್ಲಬ್ಬನ್ನು ಸೋಲಿಸಬೇಕೆಂಬ ಹಟ ಅವನಿಗೆ. ಶನಿವಾರದ ಸರದಿಯಲ್ಲಿ ತಪ್ಪುಗಳು ಬಂದರೆ ಭಾನುವಾರದ ಕೊನೆಯ ಗಂಟೆ ಬೇರೆಯವರಿಗೆ ಎಂದು ಸಭೆಯಲ್ಲಿ ಎಲ್ಲರಿಗೂ ಹೇಳಿದ. ಆರ್ಥರ್ ಆಗಲಿ ಎಂದು ತಲೆಯಾಡಿಸಿದರು. ಆ ರಾತ್ರಿ ಊಟದ ತಟ್ಟೆ ತೊಳೆಯುವಾಗ ನೆಲ್ಲಿ ನನ್ನನ್ನು ಹತ್ತಿರ ಕರೆದಳು.

“ಒಲೀ ಮ್ಯಾಗ ಕೆಟಲ್ ಸೀಟಿ ಹೊಡದ್ರ ಅವಗ ಕೇಳವಲ್ದು. ನನಗ ಹೇಳಂಗಿಲ್ಲ, ತನಗೂ ಹೇಳ್ಕೊಳ್ಳಂಗಿಲ್ಲ. ಗಿರಣಿ ಹೋತು, ಈಗ ಇರೋದು ಅದೊಂದು ಕುರ್ಚಿ. ಅದೂ ಹೋದ್ರ ಅಂವ ಈ ಮನಿಯಿಂದ ಹೊರಗ ಕಾಲಿಡಂಗಿಲ್ಲ. ನೀ ಬಾಜೂಕ ಕುಂದ್ರು.”

ನಾನು ಆಗಲಿ ಎಂದೆ. ಪಕ್ಕದಲ್ಲಿ ಕೂತು ಏನು ಮಾಡಬೇಕು ಎಂದು ಆಕೆ ಹೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ಶನಿವಾರ, ಗುಡ್ಡದ ಮೇಲೆ

ಅಲ್ಲಿಯ ಗುಡ್ಡ ನಮ್ಮ ಹಾಗೆ ಬಂಡೆಗಲ್ಲಿನ ಗುಡ್ಡವಲ್ಲ. ಮೇಲೆ ಹುಲ್ಲು, ಕೆಳಗೆ ಕರಿಯ ಜವುಳು. ವ್ಯಾನಿನಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟೆನೋ ಇಲ್ಲವೋ, ಎಡಗಾಲಿನ ಬೂಟನ್ನು ನೆಲ ನುಂಗಿತು. ಕೈ ಹಾಕಿ ಹುಡುಕಿದರೂ ಸಿಗಲಿಲ್ಲ. ಮಾನ್ವಿಯ ಗದ್ದೆಯ ಕೆಸರಿನಲ್ಲಿ ಬೆಳೆದವನು ನಾನು, ಆದರೆ ಅಲ್ಲಿ ಬರಿಗಾಲಲ್ಲಿ ಇಳಿಯುತ್ತೇವೆ. ಬೂಟು ಹಾಕಿಕೊಂಡು ಕೆಸರಿಗೆ ಇಳಿಯುವ ವಿದ್ಯೆ ನಮಗೆ ಬರುವುದಿಲ್ಲ. ಆರ್ಥರ್ ವ್ಯಾನಿನಿಂದ ತಮ್ಮ ಹಳೆಯ ಗಿರಣಿಯ ಚಪ್ಪಲಿ ತೆಗೆದುಕೊಟ್ಟರು. ಕಟ್ಟಿಗೆಯ ಅಡಿ, ಮೇಲೆ ದಪ್ಪ ತೊಗಲು. ಎರಡು ದಿನ ಅದರಲ್ಲೇ ಕಟಕಟ ಎಂದು ತಿರುಗಿದೆ.

ಡೇರೆ ಹೊಡೆದರು, ಜನರೇಟರ್ ಇಟ್ಟರು, ಉದ್ದನೆಯ ಆಂಟೆನಾವನ್ನು ಕಂಬಕ್ಕೇರಿಸಿದರು. ಕಂಬವನ್ನು ಕೈಯಿಂದಲೇ ತಿರುಗಿಸಬೇಕು. ಒಳಗಿನವನು ಕೂಗಿದಾಗ ಹೊರಗಿನವನು ಕಂಬ ಹಿಡಿದು ಆ ದಿಕ್ಕಿಗೆ ತಿರುಗಿಸುತ್ತಾನೆ. ಇದೆಲ್ಲವನ್ನೂ ನಾನು ಖಾಜಾನ ಸಲುವಾಗಿ ಕಣ್ಣಿಟ್ಟು ನೋಡಿಕೊಂಡೆ. ನೋಡಲು ಬಂದವರು ಯಾರೂ ಇಲ್ಲ. ಕುರಿಗಳು ಬಂದು ತಂತಿ ಮೂಸಿದವು. ಗುಡ್ಡದ ಒಡೆಯ ಟ್ರ್ಯಾಕ್ಟರಿನಲ್ಲಿ ಬಂದು, ಹವೆ ಚೆನ್ನಾಗಿದೆ ಎಂದು ಹೇಳಿ ಹೋದ. ದೇವದುರ್ಗದ ಜನಜಾತ್ರೆ ನೆನಪಾಗಿ ನನಗೆ ಬಣಬಣ ಎನಿಸಿತು.

ಸ್ಪರ್ಧೆಯ ನಿಯಮ ಸರಳ. ಬೇರೆ ಗುಡ್ಡದವರನ್ನು ಕೂಗಿ ಹಿಡಿಯಬೇಕು. ಅವರ ದನಿ ಎಷ್ಟು ಚೆನ್ನಾಗಿ ಬಂತು, ಇದು ಎಷ್ಟನೆಯ ಸಂಪರ್ಕ, ಗುಡ್ಡದ ಗುರುತು ಏನು, ಈ ಮೂರನ್ನು ಪರಸ್ಪರ ಹೇಳಿಕೊಳ್ಳಬೇಕು. ಗುರುತು ಎಂದರೆ ನಕ್ಷೆಯ ಮೇಲೆ ಆ ಜಾಗವನ್ನು ಹೇಳುವ ಕೆಲವು ಅಕ್ಷರ ಮತ್ತು ಅಂಕಿ. ಗುಡ್ಡ ದೂರವಾದಷ್ಟೂ ಅಂಕ ಹೆಚ್ಚು. ಒಂದು ಅಕ್ಷರ ತಪ್ಪಿ ಬರೆದರೂ ಆ ಸಂಪರ್ಕ ಹೋಯಿತು. ಕಿವಿಗೆ ಬಂದದ್ದನ್ನು ಬರೆಯಬೇಕು, ತಲೆಯಲ್ಲಿರುವುದನ್ನು ಬರೆಯಬಾರದು ಎಂದು ಕೀತ್ ನನಗೆ ತಾಕೀತು ಮಾಡಿದ. ಬರೆಯುವ ಕೆಲಸ ನನ್ನದಾಗಿತ್ತು. ನನ್ನ ಭಾರತದ ಲೈಸೆನ್ಸಿನಿಂದ ಅಲ್ಲಿ ಮಾತಾಡುವಂತಿಲ್ಲ. ಕೇಳಲು, ಬರೆಯಲು ಅಡ್ಡಿಯಿಲ್ಲ. ಬಾಯಿಗೆ ಲೈಸೆನ್ಸ್ ಬೇಕು, ಕಿವಿಗೆ ಬೇಡ. ಆರ್ಥರ್ ಅವರ ಪಕ್ಕದಲ್ಲಿ ಎರಡನೆಯ ಹೆಡ್‌ಫೋನು ಹಾಕಿಕೊಂಡು ಕೂತೆ.

ಸ್ವಲ್ಪ ಹೊತ್ತಿನಲ್ಲೇ ನನಗೆ ಅರ್ಥವಾಗಿಹೋಯಿತು. ಆರ್ಥರ್ ಮಾತಿನ ಏರಿಳಿತವನ್ನಷ್ಟೇ ಕೇಳುತ್ತಿದ್ದರು. ಪ್ರತಿವರ್ಷವೂ ಅದೇ ಕ್ಲಬ್ಬು, ಅದೇ ಗುಡ್ಡ, ಅದೇ ಜನ. ದನಿಯ ರಾಗ ಹಿಡಿದು ಇಂಥವರು ಎಂದು ಗುರುತಿಸಿ, ಅವರ ಗುಡ್ಡದ ಗುರುತನ್ನು ನೆನಪಿನಿಂದ ಹೇಳಿಬಿಡುತ್ತಿದ್ದರು. ಗುರುತು ಸರಿಯಾಗಿಯೇ ಇರುತ್ತಿತ್ತು. ಆದರೆ ಸಂಪರ್ಕದ ಸಂಖ್ಯೆ ನೆನಪಿನಿಂದ ಬರುವಂಥದಲ್ಲ. ಅದು ಬಂದಾಗ ಕಣ್ಣಂಚಿನಿಂದ ನನ್ನ ಕಾಗದ ನೋಡುತ್ತಿದ್ದರು. ಹಿಂದೆ ಕೀತ್ ಓಡಾಡುತ್ತಿದ್ದ. ಕಾಗದದ ಕಡೆ ತಲೆ ತಿರುಗಿಸಿದ್ದು ಅವನಿಗೆ ಕಾಣಬಾರದು ಎಂದು ಆರ್ಥರ್ ಪಡಬಾರದ ಪಾಡು ಪಡುತ್ತಿದ್ದರು.

ಚಳಿಗೆ ನಮ್ಮಿಬ್ಬರ ಮೊಣಕಾಲ ಮೇಲೆ ಒಂದು ಕಂಬಳಿ ಇತ್ತು. ಅದನ್ನು ನೋಡಿದಾಗ ಹನುಮಂತ ಮಾಮ ನೆನಪಾದ. ದನದ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೈಗಳ ಮೇಲೆ ಟವೆಲ್ ಮುಚ್ಚಿ, ಬೆರಳು ಹಿಡಿದು ತಿಳಿಸುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಅಂಗೈ ಹಿಡಿದರೆ ಐದು, ಅಂಗೈ ಹಿಡಿದು ಮತ್ತೊಂದು ಬೆರಳು ಹಿಡಿದರೆ ಆರು. ಚಹಾದ ಬಿಡುವಿನಲ್ಲಿ ಆರ್ಥರ್ ಅವರನ್ನು ಡೇರೆಯ ಹಿಂದೆ ಕರೆದುಕೊಂಡು ಹೋಗಿ, ನಮ್ಮ ಮಾಮ ಸಂತೆಯಲ್ಲಿ ಹೀಗೆ ಮಾಡುತ್ತಾನೆ ಎಂದು ಅವರ ಎಡಗೈ ಹಿಡಿದು ತೋರಿಸಿದೆ. ಸೊನ್ನೆಗೆ ಮುಷ್ಟಿ. ಅಕ್ಷರವಾದರೆ ಅಂಗೈಯಲ್ಲಿ ಬೆರಳಿಂದ ಬರೆಯುತ್ತೇನೆ ಎಂದೆ. ಏಕೆ ತೋರಿಸುತ್ತಿದ್ದೇನೆ ಎಂದು ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ನನ್ನ ಬೆರಳನ್ನು ತಾವೂ ಒಮ್ಮೆ ಹಿಡಿದು ನೋಡಿದರು.

“ನಿಮ್ಮ ಮಾಮಾ ಶಾಣ್ಯಾ ಅದಾನ” ಎಂದಷ್ಟೇ ಅಂದರು.

ಆಮೇಲೆ ಕೆಲಸ ನೀರು ಹರಿದಂತೆ ಸಾಗಿತು. ಕಿವಿ ನನ್ನದು, ಬಾಯಿ ಅವರದು. ನನ್ನ ಬೆರಳು ಅವರ ಬೆರಳು ಹಿಡಿಯುತ್ತಿದ್ದಂತೆ ಅವರ ಬಾಯಿಂದ ಸಂಖ್ಯೆ ಬಂದಿರುತ್ತಿತ್ತು. ಆದರೂ ನನ್ನ ಮನಸ್ಸಿನಲ್ಲಿ ಏನೋ ಕೊರೆಯುತ್ತಿತ್ತು. ಮಾಮ ಒಮ್ಮೆ ಹೇಳಿದ್ದ, ಗೌಡರು ಹಗಲು ಬೆಳಕಿನಲ್ಲಿ ನಮ್ಮನ್ನು ಮುಟ್ಟುವುದಿಲ್ಲ, ಟವೆಲ್ ಬುಡಕ್ಕೆ ಮಾತ್ರ ಕೈ ಹಿಡಿಯುತ್ತಾರೆ, ಆ ಕೈ ಬಿಟ್ಟಮೇಲೆ ಲಾಭ ಬಂದರೂ ಮನಸ್ಸಿಗೆ ಚೆನ್ನಾಗಿರುವುದಿಲ್ಲ ಎಂದು. ಆರ್ಥರ್ ಅಂಥವರಲ್ಲ. ಮನೆಯಲ್ಲಿ ನನಗೆ ತಮ್ಮ ತಟ್ಟೆಯಿಂದ ಎತ್ತಿ ಬಡಿಸಿದವರು. ಆದರೂ ಮುಚ್ಚಿದ ಬಟ್ಟೆಯ ಕೆಳಗೆ ಹಿಡಿದ ಕೈ ಎರಡೂ ಕಡೆಯವರನ್ನು ಸಣ್ಣವರನ್ನಾಗಿ ಮಾಡುತ್ತದೆ ಎಂದು ಆ ದಿನ ನನಗೆ ತಿಳಿಯಿತು.

ಶನಿವಾರ ಸಂಜೆ

ಸಂಜೆಯಾದರೂ ಅಲ್ಲಿ ಬಿಸಿಲು ಇಳಿಯುವುದಿಲ್ಲ. ನಮ್ಮಲ್ಲಿ ದೀಪ ಹಚ್ಚುವ ಹೊತ್ತಿಗೆ ಅಲ್ಲಿ ಇನ್ನೂ ಮಧ್ಯಾಹ್ನದ ಬೆಳಕು. ಆ ಬೆಳಕಿನಲ್ಲಿ ದೂರದ ವೇಲ್ಸ್ ಕಡೆಯಿಂದ ಒಂದು ತೆಳುವಾದ ದನಿ ಬಂತು. ಆರ್ಥರ್ ಮುಖ ಅರಳಿತು. ಅವರ ಹಳೆಯ ಗೆಳೆಯ ಜಾರ್ಜ್. ಯೌವನದಿಂದಲೂ ಪ್ರತಿವರ್ಷ ಗುಡ್ಡದಿಂದ ಗುಡ್ಡಕ್ಕೆ ಮಾತಾಡಿದವರು. ಎದುರಾಬದುರಾ ಭೇಟಿಯಾದದ್ದು ಎರಡೋ ಮೂರೋ ಸಲ.

ಆರ್ಥರ್ ನನ್ನ ಬೆರಳಿಗೆ ಕಾಯಲಿಲ್ಲ. ಜಾರ್ಜನ ಗುಡ್ಡ ಅವರಿಗೆ ಬಾಯಿಪಾಠ. ಎಲ್ಲ ಬಂತು ಎಂದು ಹೇಳಿ ಎಂದಿನ ಗುರುತನ್ನು ತಾವೇ ಒದರಿದರು. ಆದರೆ ಜಾರ್ಜ್ ಹೇಳಿದ್ದು ಅದಲ್ಲ. ಬೇರೆ ಗುರುತು. ನಾನು ಕಂಬಳಿಯ ಕೆಳಗೆ ಅವರ ಅಂಗೈಯಲ್ಲಿ ಹೊಸ ಅಕ್ಷರ ಬರೆದೆ. ಅವರು ಕೈ ಕೊಡವಿಕೊಂಡರು.

“ಅಂವ ಎಲ್ಲಿ ಕುಂದ್ರತಾನ ನಂಗ ಗೊತ್ತದ. ಬರಿ” ಎಂದರು ಮೈಕಿನಿಂದ ಮುಖ ತಿರುಗಿಸಿ.

ಬರೆಯಲು ನನ್ನ ಕೈ ಬರಲಿಲ್ಲ. ನಾನು ಕೇಳಿದ್ದು ಅದಲ್ಲ ಎಂದು ತಲೆಯಾಡಿಸಿದೆ. ಹಿಂದೆ ಕೀತ್‌ನ ಹೆಜ್ಜೆ ನಿಂತಿತು. ಜಾರ್ಜ್ ಅತ್ತ ಕಡೆಯಿಂದ, ಇಲ್ಲ, ಈ ವರ್ಷ ಆ ಗುಡ್ಡ ಅಲ್ಲ ಎಂದು ಹೇಳುತ್ತಲೇ ಇದ್ದ. ಆರ್ಥರ್ ಅವರಿಗೆ ಅದು ಕೇಳಿಸುತ್ತಿರಲಿಲ್ಲ. ನನ್ನ ಮುಖ ನೋಡಿದರು. ಆಮೇಲೆ, ಬಹಳ ಕಷ್ಟದಿಂದ, ಇನ್ನೊಮ್ಮೆ ಹೇಳು ಎಂದು ಜಾರ್ಜನನ್ನು ಕೇಳಿದರು. ತಮ್ಮ ಆಯುಷ್ಯದಲ್ಲಿ ಜಾರ್ಜನನ್ನು ಹಾಗೆ ಕೇಳಿದ್ದು ಅದೇ ಮೊದಲಂತೆ.

ಜಾರ್ಜ್ ಬಿಡಿಸಿ ಬಿಡಿಸಿ ಹೇಳಿದ. ಜೊತೆಗೆ ಇನ್ನೊಂದು ಮಾತು ಹೇಳಿದ. ನನ್ನ ಮೊಣಕಾಲು ಹೋದವು ಆರ್ಥರ್, ಮೇಲಿನ ಗುಡ್ಡ ಹತ್ತಲಾರೆ, ಹುಡುಗರು ನನ್ನ ಸಲುವಾಗಿ ಅದನ್ನು ಬಿಟ್ಟು ರಸ್ತೆ ಪಕ್ಕದ ಗಿಡ್ಡ ಗುಡ್ಡಕ್ಕೆ ಬಂದಿದ್ದಾರೆ, ಅಂಕ ಅರ್ಧವೂ ಬರುವುದಿಲ್ಲ ಎಂದ.

ಅಂಕಿ ಬೆರಳಿನಲ್ಲಿ ದಾಟುತ್ತದೆ, ಈ ಮಾತು ದಾಟುವುದಿಲ್ಲ. ಕಾಗದದ ಅಂಚಿನಲ್ಲಿ ಬರೆದು ಅವರ ಮುಂದೆ ಸರಿಸಿದೆ. ಆರ್ಥರ್ ಎಲ್ಲರೆದುರಿಗೆ ತಲೆ ತಿರುಗಿಸಿ ಓದಿದರು. ಆಮೇಲೆ ಮೈಕಿಗೆ ಹೊಸ ಗುರುತನ್ನು ಸರಿಯಾಗಿ ಹೇಳಿ, ಒಳ್ಳೆಯದಾಗಲಿ ಎಂದು ಮುಗಿಸಿದರು. ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟು ಹೊರಗೆ ನಡೆದುಬಿಟ್ಟರು. ಅವರ ಸರದಿ ಇನ್ನೂ ಇತ್ತು. ಕೀತ್ ಏನೂ ಕೇಳದೆ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಒಂದು ಪೆಟ್ಟಿಗೆ ಎಳೆದುಕೊಂಡು ಕೂತ.

ನಾನು ಬರವಣಿಗೆಯನ್ನು ಇನ್ನೊಬ್ಬರಿಗೆ ಕೊಟ್ಟು ಹೊರಗೆ ಬಂದೆ. ಆರ್ಥರ್ ಕಲ್ಲಿನ ಗೋಡೆಗೆ ಒರಗಿ ನಿಂತಿದ್ದರು.

“ಆ ಹುಡುಗ್ರು ಅವನ ಸಲುವಾಗಿ ಗುಡ್ಡಾ ಬಿಟ್ಟು ಕೆಳಗ ಇಳದಾರ” ಎಂದರು. “ಅವನ ಕಾಲು ಹೋಗ್ಯಾವ ಅಂತ ಅಂವ ಅವ್ರಿಗೆ ಹೇಳಿರಬೇಕಲ್ಲ, ಅದಕ್ಕ ಇಳದಾರ. ನಾ ಏನ್ ಮಾಡೀನಿ? ಪರದೇಶದಿಂದ ಬಂದ ನಿನ್ನ ಕೈ ಹಿಡ್ಕೊಂಡು ನಮ್ಮ ಹುಡುಗ್ರ ಕಣ್ಣಾಗ ಮಣ್ಣು ಹಾಕೀನಿ.”

ತಪ್ಪು ನಿಮ್ಮೊಬ್ಬರದಲ್ಲ ಎಂದು ಹೇಳಬಹುದಿತ್ತು, ಹೇಳಿದ್ದರೂ ನನ್ನ ತುಟಿಯ ಇಂಗ್ಲಿಷ್ ಅವರಿಗೆ ತಿಳಿಯುತ್ತಿತ್ತೋ ಇಲ್ಲವೋ. ಅವರ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತೆ.

ಭಾನುವಾರ

ಬೆಳಗಿನಿಂದ ಆರ್ಥರ್ ಡೇರೆಯೊಳಗೆ ಬರಲಿಲ್ಲ. ಜನರೇಟರಿಗೆ ಪೆಟ್ರೋಲ್ ಹಾಕುವುದು, ಕಂಬದ ಹಗ್ಗ ಬಿಗಿಮಾಡುವುದು, ಇಂಥ ಕೆಲಸ ಹಿಡಿದುಕೊಂಡಿದ್ದರು. ನೆರೆಯವರ ಕಾರಿನಲ್ಲಿ ನೆಲ್ಲಿ ಬುತ್ತಿ ತಂದಳು. ಗಂಡನ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಏನಾಯಿತೆಂದು ಹೇಳಬೇಕಾಗಲಿಲ್ಲ. ಆಕೆ ಬುತ್ತಿ ಬಿಚ್ಚಿ ಮೊದಲು ನನ್ನ ಕೈಗೇ ಕೊಟ್ಟಳು, ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ಮಧ್ಯಾಹ್ನ ಕೀತ್ ಹೊರಗೆ ಬಂದು, ಕೊನೆಯ ಗಂಟೆ ನಿಮ್ಮದು, ಬರ್ರಿ ಎಂದ. ಮುಖ ಎದುರಿಗಿಟ್ಟುಕೊಂಡೇ ಹೇಳಿದ. ಆರ್ಥರ್ ಕೈಯೊರೆಸಿಕೊಂಡರು.

“ನಂಗ ಕೇಳಂಗಿಲ್ಲ ಕೀತ್. ನಿನ್ನೆ ಕೇಳಿದ್ದೆಲ್ಲಾ ಈ ತಮ್ಮ.”

“ಗೊತ್ತದ್ರೀ” ಎಂದ ಕೀತ್. “ಹೋದ ವರ್ಷಾನ ಗೊತ್ತಿತ್ತು. ನಮ್ಮವ್ವನೂ ಅದ ಗಿರಣ್ಯಾಗ ನೇಯ್ದಾಕಿ. ಕಂಬಳಿ ಅಲ್ಲಾಡೋದೂ ಕಂಡಿತ್ತು. ನೀವ ಬಾಯಿಬಿಟ್ಟು ಹೇಳ್ತೀರಂತ ಆ ಕರಾರು ಹಾಕಿದೆ.”

ಇದನ್ನು ಕೇಳಿ ಆರ್ಥರ್ ಸಮಾಧಾನ ಪಡುತ್ತಾರೆ ಎಂದುಕೊಂಡಿದ್ದೆ. ಅವರಿಗೆ ಸಿಟ್ಟು ಬಂತು. ಎಲ್ಲರಿಗೂ ಗೊತ್ತಿದ್ದು ತನ್ನೊಬ್ಬನನ್ನು ಮಗುವಿನ ಹಾಗೆ ಆಡಿಸಿದರಲ್ಲ ಎಂಬ ಸಿಟ್ಟು. ಮೊದಲ ವಾರ ನನಗೂ ಅದೇ ಸಿಟ್ಟು ಬಂದಿತ್ತಾದ್ದರಿಂದ ಅದು ಎಂಥದೆಂದು ನನಗೆ ಗೊತ್ತಿತ್ತು. ಯಾರಾದರೂ ಕುಂದ್ರಲಿ, ನಾ ಒಲ್ಲೆ ಎಂದು ಹೇಳಿ ಜನರೇಟರ್ ಕಡೆ ಹೋದರು. ಕೀತ್ ಒಳಗೆ ಬಂದು ತಾನೇ ಮೈಕಿನ ಮುಂದೆ ಕೂತ. ನಾನು ಬರೆಯಲು ಕೂತೆ.

ಆ ಕೊನೆಯ ಗಂಟೆಯಲ್ಲಿ ಸಮುದ್ರದಾಚೆಯ ಒಂದು ಫ್ರಾನ್ಸಿನ ದನಿ ಬಂದು ಬಂದು ಮಾಯವಾಗುತ್ತಿತ್ತು. ಅಷ್ಟು ದೂರದ ಒಂದೇ ಸಂಪರ್ಕ ಸಿಕ್ಕರೆ ಪಕ್ಕದ ಊರಿನವರನ್ನು ಹಿಂದೆ ಹಾಕಬಹುದೆಂದು ಕೀತ್ ಲೆಕ್ಕ ಹಾಕಿದ್ದ. ಬೆವರು ಒರೆಸಿಕೊಳ್ಳುತ್ತ ಅದರ ಬೆನ್ನು ಹತ್ತಿದ್ದ. ಇನ್ನೇನು ಕೈಗೆ ಸಿಕ್ಕಿತು ಅನ್ನುವಾಗ ಅದರ ಪಕ್ಕದಲ್ಲೇ ಜಾರ್ಜನ ದನಿ ಎದ್ದಿತು. ನಮ್ಮ ಕ್ಲಬ್ಬನ್ನು ಕರೆಯುತ್ತಿದ್ದ. ಒಂದು ಗುಡ್ಡದವರ ಜೊತೆ ಒಂದೇ ಸಲ ಲೆಕ್ಕ. ಎರಡನೆಯ ಸಲ ಮಾತಾಡಿದರೆ ಅಂಕವಿಲ್ಲ, ಸಮಯ ಹಾಳು. ಅದು ಜಾರ್ಜನಿಗೂ ಗೊತ್ತು. ಅಂಕ ಬೇಡ, ಆರ್ಥರ್ ಬೇಕು, ಒಂದು ಮಾತು ಹೇಳಬೇಕು ಎಂದ.

ಕೀತ್ ಗಡಿಯಾರ ನೋಡಿದ. ಫ್ರಾನ್ಸಿನವನು ಇನ್ನೂ ಕೂಗುತ್ತಲೇ ಇದ್ದ. ಕೀತ್ ಜಾರ್ಜನಿಗೆ, ನಿಲ್ಲು, ಕರೆಸುತ್ತೇನೆ ಎಂದು ಹೇಳಿ ನನ್ನ ಕಡೆ ತಿರುಗಿ ಹೊರಗೆ ಕೈ ತೋರಿಸಿದ.

ಓಡಿದೆ. ಜನರೇಟರಿನ ಸದ್ದಿನಲ್ಲಿ ಕೂಗಿದರೆ ಯಾರಿಗೂ ಕೇಳಿಸುವಂತಿರಲಿಲ್ಲ. ಹೋಗಿ ಆರ್ಥರ್ ಅವರ ಕೈ ಹಿಡಿದುಕೊಂಡೆ, ಎಲ್ಲರ ಕಣ್ಣೆದುರಿಗೆ. ಜಾರ್ಜ್ ಎಂದೆ. ನನ್ನ ತುಟಿ ನೋಡಿದರು. ಬಂದರು.

ಕೀತ್ ಅಷ್ಟರಲ್ಲಿ ಮಡಚುವ ಕುರ್ಚಿಯನ್ನು ಮತ್ತೆ ಮೇಜಿಗೆ ಎಳೆದು, ತಾನು ಕೂತ ಪೆಟ್ಟಿಗೆಯ ಎದುರಿಗೆ ತಿರುಗಿಸಿ ಇಟ್ಟಿದ್ದ. ಆರ್ಥರ್ ಕೂತರು. ಎರಡು ಹೆಡ್‌ಫೋನುಗಳಲ್ಲಿ ಒಂದನ್ನೂ ಕೀತ್ ಅವರಿಗೆ ಕೊಡಲಿಲ್ಲ. ನನ್ನದನ್ನೂ ತೆಗೆಸಿ ಬದಿಗಿಟ್ಟ. ತನ್ನದನ್ನು ಕಿವಿಗೆ ಒತ್ತಿ ಹಿಡಿದುಕೊಂಡು ಆರ್ಥರ್ ಮುಖವನ್ನೇ ನೋಡುತ್ತ, ಸದ್ದಿಲ್ಲದೆ ತುಟಿ ಆಡಿಸತೊಡಗಿದ. ಟೆಲಿಫೋನ್ ಇಲಾಖೆಯ ಆ ಬಿರುಸಿನ ಹುಡುಗನ ಮುಖದಲ್ಲಿ ಅವನ ತಾಯಿಯ ಬಾಯಿ ಬಂದು ಕೂತಿತ್ತು. ಜಾರ್ಜ್ ಅಲ್ಲಿ ಹೇಳುತ್ತಿದ್ದ, ಕೀತ್ ಇಲ್ಲಿ ಆಡುತ್ತಿದ್ದ, ಆರ್ಥರ್ ಕಣ್ಣಿಂದ ಕೇಳುತ್ತಿದ್ದರು. ಡೇರೆಯ ಬಾಗಿಲಲ್ಲಿ ನಿಂತ ನೆಲ್ಲಿಗೂ ಕೀತ್‌ನ ತುಟಿ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಆಕೆ ಸೆರಗಿನಂತೆ ಮೇಲುಡುಪಿನ ಅಂಚು ಎತ್ತಿ ಕಣ್ಣಿಗೆ ಹಿಡಿದಳು. ಅಲ್ಲಿದ್ದವರ ಪೈಕಿ ಏನೂ ತಿಳಿಯದೆ ಕೂತಿದ್ದವನು ಒಳ್ಳೆಯ ಕಿವಿಯ ನಾನೊಬ್ಬನೇ. ಜಾರ್ಜ್ ಏನು ಹೇಳಿದ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಬೇಕೆಂದು ನನಗೆ ಅನಿಸಲೂ ಇಲ್ಲ.

ಕೀತ್‌ನ ತುಟಿ ನಿಂತಿತು. ಆರ್ಥರ್ ಮೈಕನ್ನು ಹತ್ತಿರ ಎಳೆದುಕೊಂಡರು. ಆ ಹೊತ್ತಿನಲ್ಲಿ ದೇಶದ ಎಲ್ಲ ಗುಡ್ಡಗಳ ಮೇಲೂ ಕಿವಿಗಳು ಇದ್ದವು. ಯಾರು ಬೇಕಾದರೂ ಕೇಳಬಹುದಾದ ಮಾತು ಅದು.

“ಜಾರ್ಜ್, ನೀ ಹೇಳಿದ್ದು ನಂಗ ಒಂದು ಅಕ್ಷರಾನೂ ಕೇಳಿಲ್ಲ. ನನ್ನ ಕಿವಿ ಹೋಗ್ಯಾವ. ಆದ್ರ ನೀ ಹೇಳಿದ್ದೆಲ್ಲಾ ನನಗ ಮುಟ್ಟ್ಯದ.”

ಅಷ್ಟು ಹೇಳಿ ಮತ್ತೆ ಕೀತ್ ಮುಖ ನೋಡಿದರು. ಜಾರ್ಜ್ ಏನೋ ಅಂದಿರಬೇಕು, ಕೀತ್‌ನ ತುಟಿ ಒಂದೇ ಸಲ ಅಲ್ಲಾಡಿತು, ಆರ್ಥರ್ ತಲೆಯಾಡಿಸಿದರು. ಫ್ರಾನ್ಸಿನವನನ್ನು ಮತ್ತೆ ಹುಡುಕುವುದರೊಳಗೆ ಹೊತ್ತು ಮುಗಿದಿತ್ತು.

ಲೇಖನಿ ಹಿಡಿದು ಕೂತಿದ್ದ ನಾನು, ಇದನ್ನು ಬರೆಯಲೇ ಬೇಡವೇ ಎಂದು ಕೀತ್ ಮುಖ ನೋಡಿದೆ. ಬರೆ ಎಂದು ಕಣ್ಣಿನಲ್ಲೇ ಹೇಳಿದ. ಜಾರ್ಜನ ಹೆಸರಿನ ಮುಂದೆ ಗಂಟೆ ಬರೆದೆ, ಗುಡ್ಡದ ಗುರುತು ಬರೆದೆ, ಅಂಕದ ಜಾಗದಲ್ಲಿ ಸೊನ್ನೆ ಹಾಕಿದೆ.